55ನೇ ಮೂವ್ ಮತ್ತ ನಮ್ಮ ರವಿವಾರದ ಚೆಸ್

2024ರ ಡಿಸೆಂಬರ್ 12, ಗುರುವಾರ ಸಂಜಿ. ಕಲಬುರಗಿ ಸ್ಟೇಷನ್ ರೋಡಿನ ಒಂದು ಚಾದಂಗಡಿ ಮುಂದ ಮೂರು ಮಂದಿ ಒಂದೇ ಮೊಬೈಲಿಗ ತಲಿ ಹಾಕೊಂಡು ನಿಂತಿದ್ವಿ. ಸಿಂಗಾಪುರದಾಗ ವರ್ಲ್ಡ್ ಚಾಂಪಿಯನ್‌ಶಿಪ್ಪಿನ 14ನೇ ಆಟ ನಡದಿತ್ತು, ಅದೇ ಕೊನೀದು, ಗುಕೇಶ್ ಕರಿ, ಆಗಿನ ಚಾಂಪಿಯನ್ ಚೀನಾದ ಡಿಂಗ್ ಲಿರೆನ್ ಬಿಳಿ, ಇಬ್ಬರದೂ ಆರೂವರಿ-ಆರೂವರಿ ಪಾಯಿಂಟ್. ಬೋರ್ಡಿನ ಮ್ಯಾಲ ರಾಜರನ್ನ ಬಿಟ್ರ ಉಳಿದಿದ್ದೇ ಒಂದೊಂದು ಆನಿ, ಒಂದೊಂದು ಒಂಟಿ (ಬಿಷಪ್), ಗುಕೇಶಗ ಎರಡು ಪ್ಯಾದಿ, ಡಿಂಗಗ ಒಂದು. ನಮ್ಮ ಜೊತಿ ಇದ್ದ ರಿಟೈರ್ಡ್ ಮಾಸ್ತರು, ನಲವತ್ತು ವರ್ಷದಿಂದ ಈ ಆಟದ ಹಿಂದ ಬಿದ್ದವ್ರು, ಕಪ್ ಕೆಳಗಿಟ್ಟು "ಇದು ಡ್ರಾನೇ ಬಿಡ್ರಪಾ, ನಾಳಿ ಟೈಬ್ರೇಕ್ ನೋಡೋಣು, ನಾ ಮನಿಗ ಹೋಗ್ತೀನಿ" ಅಂತ ಗಾಡಿ ಚಾವಿ ತೆಗದ್ರು. ಖರೇನೂ ಹಂಗೇ ಇತ್ತು. ಸ್ಕ್ರೀನ್ ಬಾಜೂಕ, ಕಂಪ್ಯೂಟರ್ ಲೆಕ್ಕದಾಗ ಯಾರು ಮ್ಯಾಲ ಅಂತ ತೋರಸೋ ಆ ಬಿಳಿ-ಕರಿ ಪಟ್ಟಿ ಸಮಾಸಮ ನಿಂತು ಭಾಳ ಹೊತ್ತಾಗಿತ್ತು.

ಅಷ್ಟ್ರಾಗ ಡಿಂಗ್ 55ನೇ ಮೂವಿಗ ಆನೀನ ಎಫ್ 2ಕ್ಕ ತಂದಿಟ್ರು. ಪಟ್ಟಿ ಧಪ್ ಅಂತ ಕರಿ ಕಡಿ ಬಿತ್ತು. ಮಾಸ್ತರು ಚಾವಿ ಕೈಯಾಗ ಹಿಡಕೊಂಡೇ ವಾಪಸ್ ಬಂದು "ಏ ತಮ್ಮಾ, ನೆಟ್ ಕೆಟ್ಟದೇನು ನೋಡು" ಅಂದ್ರು. ನೆಟ್ ಛಲೋನೇ ಇತ್ತು. ಮೂರು ಮೂವ್ ಆದ ಮ್ಯಾಲ, 58ಕ್ಕ, ಡಿಂಗ್ ಕೈ ಮುಂದ ಮಾಡಿದ್ರು, 18 ವರ್ಷದ ಹುಡುಗ ವರ್ಲ್ಡ್ ಚಾಂಪಿಯನ್ ಆಗಿಬಿಟ್ಟ. ಅದಕ್ಕ ಮೊದಲ ಆ ದಾಖಲಿ ಕಾಸ್ಪರೋವ್ ಹೆಸರಿಗಿತ್ತು, 1985ರಾಗ, ಆಗ ಅವರಿಗ 22. ಗುಕೇಶ್ ಮುಖ ಮುಚ್ಕೊಂಡು ಅತ್ತಿದ್ದು, ಅಳ್ತಾನೇ ಕಾಯಿ ಎಲ್ಲಾ ಮೊದಲಿನಂಗ ಜೋಡಿಸಿಟ್ಟಿದ್ದು ನೀವೂ ನೋಡಿರ್ತೀರಿ.

ಈಗ ಆ ಆಟದ ನೆನಪು ಯಾಕ ಅಂದ್ರ, ಚೆಸ್ಸಿನಾಗ ಒಂದು ಜಗಳ ಶುರು ಆಗ್ಯದ, ಕ್ಲಾಸಿಕಲ್ ಆಟ, ಅಂದ್ರ ತಾಸುಗಟ್ಟಲೆ ನಡಿಯೋ ಆಟ, ಇಷ್ಟು ಉದ್ದ ಬೇಕೇನು ಅಂತ. 2025ರಾಗ ಫಿಡೆ, ಅಂದ್ರ ಚೆಸ್ಸಿನ ಜಾಗತಿಕ ಸಂಸ್ಥೆ, 45 ನಿಮಿಷ ಮತ್ತ ಪ್ರತಿ ಮೂವಿಗ 30 ಸೆಕೆಂಡ್ ಇರೋ ಆಟಕ್ಕೂ ಸ್ಟ್ಯಾಂಡರ್ಡ್ ರೇಟಿಂಗ್ (ಕ್ಲಾಸಿಕಲ್ ಆಟದಾಗಿನ ಬಲ ತೋರಸೋ ಅಂಕಿ) ಕೊಡ್ತೀವಿ ಅಂತ ಪ್ರಯೋಗ ಶುರು ಮಾಡ್ತು, ಫಾಸ್ಟ್ ಕ್ಲಾಸಿಕ್ ಅಂತ ಹೆಸರಿಟ್ರು. ನಮ್ಮ ಕಡಿ ಚೆಸ್ ಆಡೋ ಮಂದಿಗ ಇದನ್ನ ಹೇಳಿದ್ರ ಮೊದಲ ಬಾಯಾಗ ಬರೋದು "ಛಲೋ ಆಯ್ತು ಬಿಡ್ರಿ, ರಜಾ ಉಳಿತದ" ಅಂತ. ನಾನೂ ಮೊದಲ ಹಂಗೇ ಅಂದಿದ್ದೆ. ಆಮ್ಯಾಲ ಆ 55ನೇ ಮೂವ್ ಇಟ್ಕೊಂಡು ಕುಂತು ಲೆಕ್ಕ ಹಾಕಿದ್ರ, ಲೆಕ್ಕ ಬ್ಯಾರೇನೇ ಬಂತು.

ಮೊದಲ ಆ ಮೂವ್ ಏನು ಅಂತ ನೋಡೋಣು, ಚೆಸ್ ಅಷ್ಟೇನೂ ಬರದವ್ರಿಗೂ ತಿಳಿಯೋ ಅಂಥದ್ದೇ ಅದು. ಡಿಂಗ್ ಒಂಟಿ ಎ 8ರಾಗ, ಅಂದ್ರ ಬೋರ್ಡಿನ ಮೂಲ್ಯಾಗ ಕುಂತಿತ್ತು. ಮೂಲ್ಯಾಗಿನ ಒಂಟಿಗ ಹೊರಗ ಬರ್ಲಿಕ್ಕ ಒಂದೇ ಓಣಿ. ಎಫ್ 2ಕ್ಕ ಬಂದ ಆನಿ "ಬಾರಪಾ, ಆನಿಗ ಆನಿ ಹೊಡಕೊಳ್ಳೋಣು" ಅಂತ ಕರದಂಗ, ಗುಕೇಶ್ ಹೂಂ ಅಂತ ಹೊಡದ, ಡಿಂಗ್ ರಾಜನಿಂದ ವಾಪಸ್ ಹೊಡದ್ರು. ಉಳಿದಿದ್ದು ಒಂಟಿ ಎದುರು ಒಂಟಿ. ಆಗ ಗುಕೇಶ್ ತನ್ನ ಒಂಟೀನ ಡಿ 5ಕ್ಕ ತಂದಿಟ್ಟ, ಬಾಜೂಕ ಅವನ ರಾಜ ಕಾಯ್ಲಿಕ್ಕ ನಿಂತಿದ್ದ, ಅಂದ್ರ ಆ ಒಂದೇ ಓಣಿ ಬಾಯಿಗೇ ಬಂದು ಖಾಟ ಹಾಕಿ ಕುಂತಂಗ. ಡಿಂಗ್ ಒಂಟಿ ಒಂದು ಮನಿ ಸರಿದ್ರೂ ಅದೇ ಓಣ್ಯಾಗ, ಎರಡು ಮನಿ ಸರಿದ್ರೂ ಅದೇ ಓಣ್ಯಾಗ, ಎಲ್ಲಿ ನಿಂತ್ರೂ ಹೊಡತ ಬೀಳ್ತದ, ಇಲ್ಲಾ ತಾನೇ ಹೋಗಿ ಬದಲಿ ಆಗ್ಬೇಕು. ಬದಲಿ ಆದ್ರ ಬರೀ ರಾಜರು ಮತ್ತ ಪ್ಯಾದಿ, ಎರಡಕ್ಕ ಒಂದು, ಆ ಗೆಲುವು ನಮ್ಮೂರಿನ ನಡುಮಟ್ಟದ ಆಟಗಾರಗೂ ಬರ್ತದ. ಒಂಟಿ ಮೂಲ್ಯಾಗ ಇಲ್ಲದೇ ಬ್ಯಾರೆ ಎಲ್ಲಾದ್ರೂ ಇದ್ದಿದ್ರ ಪಕ್ಕಕ್ಕ ಹಾರಲಿಕ್ಕ ಹಾದಿ ಇರ್ತಿತ್ತು. ಆನಿ ಬದಲಿ ಮಾಡೋದು ಅಂಥಾ ತಪ್ಪಲ್ಲ, ಒಂಟಿ ಮೂಲ್ಯಾಗ ಇದ್ದಾಗ ಮಾಡಿದ್ದು ತಪ್ಪು. ಎರಡೂ ಕೂಡಿದ್ರೇ ವಿಷ.

ಅವತ್ತೇ ಮಾತು ಶುರು ಆದ್ವು. ಮಾಜಿ ಚಾಂಪಿಯನ್ ವ್ಲಾದಿಮಿರ್ ಕ್ರಾಮ್ನಿಕ್ ಅಂಥವರೇ ಕಟುವಾಗಿ ಮಾತಾಡಿದ್ರು, ವರ್ಲ್ಡ್ ಚಾಂಪಿಯನ್‌ಶಿಪ್ ಹಿಂಗ ಮುಗಿಬಾರ್ದಿತ್ತು ಅನ್ನೋ ಧಾಟ್ಯಾಗ. ಇಲ್ಲಿ ನಮ್ಮೂರಾಗೂ ಅದೇ, "ಅಷ್ಟು ದೊಡ್ಡ ಆಟಗಾರ, ಇಷ್ಟು ಸಣ್ಣದು ಕಾಣಲಿಲ್ಲೇನು?" ಅಂತ. ನನಗ ಅನಸೋದು, ಇದು ಆ ಪಟ್ಟಿ ಮಾಡಿದ ಕೆಲಸ. ಮೊಬೈಲಿನಾಗ ಇಂಜಿನ್ ಎಲ್ಲಾ ಲೆಕ್ಕ ಮಾಡಿ ಪಟ್ಟಿ ತೋರಸ್ತದ, ಅದನ್ನ ನೋಡಿ ನಾವು ಅಯ್ಯೋ ಅಂತೀವಿ, ಪಟ್ಟಿ ಮುಚ್ಚಿಟ್ಟು ಅದೇ ಪೊಸಿಷನ್ ಕೊಟ್ರ ನಮ್ಮೊಳಗ ಎಷ್ಟು ಮಂದಿ ಡಿ 5 ಒಂಟೀನ ಹುಡುಕ್ತಿದ್ವಿ? ಮಾಸ್ತರಿಗ ನೆಟ್ ಕೆಟ್ಟದ ಅನಿಸ್ತು ನೋಡ್ರಿ, ನಲವತ್ತು ವರ್ಷ ಆಡಿದವ್ರಿಗ! ಅವರಿಗೂ ಆ ಕ್ಷಣದಾಗ ಕಂಡಿದ್ದಿಲ್ಲ. ಹಂಗಂತ ಡಿಂಗ್ ಮಾಡಿದ್ದು ತಪ್ಪಲ್ಲ ಅಂತ ನಾ ಹೇಳಂಗಿಲ್ಲ, ದೊಡ್ಡ ತಪ್ಪೇ. ಆದ್ರ ಮೂವ್ ಒಂದನ್ನೇ ನೋಡಿದ್ರ ಏನೂ ತಿಳಿಯಂಗಿಲ್ಲ, ಅದರ ಹಿಂದಿನ ತಾಸುಗಳನ್ನ ನೋಡ್ಬೇಕು.

ಆ ಆಟದ ಟೈಮ್ ಹೆಂಗಿತ್ತಂದ್ರ ಮೊದಲ 40 ಮೂವಿಗ 120 ನಿಮಿಷ, ಆಮ್ಯಾಲ ಉಳಿದ ಆಟಕ್ಕ 30 ನಿಮಿಷ, 41ನೇ ಮೂವಿಂದ ಪ್ರತಿ ಮೂವಿಗ 30 ಸೆಕೆಂಡ್ ಜೋಡಣಿ. ಡಿಂಗಗ ಡ್ರಾ ಸಾಕಿತ್ತು, ಮರುದಿನ ರ‍್ಯಾಪಿಡ್ ಟೈಬ್ರೇಕ್, ಅಂದ್ರ ಕಡಿಮಿ ಟೈಮಿನ ಆಟದಾಗ ತೀರ್ಮಾನ, ಅದ್ರಾಗ ಗುಕೇಶಗಿಂತ ತಾವೇ ಮ್ಯಾಲ ಅನ್ನೋದು ಎಲ್ಲರಿಗೂ ಗೊತ್ತಿದ್ದ ಮಾತು, 2023ರಾಗ ಅಸ್ತಾನಾದಾಗ ರಷ್ಯಾದ ನೆಪೋಮ್ನಿಯಾಚ್ಚಿನ ಸೋಲಿಸಿ ಚಾಂಪಿಯನ್ ಆಗಿದ್ದೂ ರ‍್ಯಾಪಿಡ್ ಟೈಬ್ರೇಕಿನಾಗೇ. ಹಿಂಗಾಗಿ ಒಂದು ಪ್ಯಾದಿ ಬಿಟ್ಟುಕೊಟ್ಟಾದ್ರೂ ಕಾಯಿ ಬದಲಿ ಮಾಡ್ಕೊಂತ, ಬೋರ್ಡ್ ಖಾಲಿ ಮಾಡ್ಕೊಂತ ಹೋದ್ರು. ಗುಕೇಶ್ ಏನು ಮಾಡಿದ? ವಿಶೇಷ ಏನೂ ಮಾಡ್ಲಿಲ್ಲ, ಅದೇ ವಿಶೇಷ. ಒಂದು ಪ್ಯಾದಿ ಹೆಚ್ಚಿದೆ, ಸೋಲೋ ಭಯ ಇಲ್ಲ, ಹಂಗಂತ ಗೆಲುವೂ ಇಲ್ಲ, ಸುಮ್ಮನ ಆನಿ ಆ ಕಡಿ, ರಾಜ ಈ ಕಡಿ, ಪ್ರತಿ ಸಲ ಡಿಂಗಗ ಒಂದು ಸಣ್ಣ ಪ್ರಶ್ನಿ ಕೇಳೋದು, ಉತ್ತರ ಬಂತೇನು, ಛಲೋ, ಇನ್ನೊಂದು ಪ್ರಶ್ನಿ. ರಂಟಿ ಹೊಡಿಯೋ ಎತ್ತು ನೋಡಿರ್ತೀರಲ್ಲ, ಮುಂಜಾನಿ ದಣಿಯಂಗಿಲ್ಲ, ಹೊತ್ತು ಇಳಿದಾಗ ಇನ್ನೆರಡೇ ಸಾಲು ಉಳಿದಾವ ಅನ್ನೋ ಹೊತ್ತಿಗ ಕಾಲು ಮಡಚ್ತದ. ಡಿಂಗ್ ಮನಸಿಗೂ ಹಂಗೇ ಆಗಿರ್ಬೇಕು, "ಇನ್ನ ಆನಿನೂ ಹೋಗ್ಲಿ, ಮುಗೀಲಿ" ಅಂತ. ಅವರು ಚಾಂಪಿಯನ್ ಆದ ಮ್ಯಾಲ ಆರೋಗ್ಯ ಕೆಟ್ಟು, ಮನಸ್ಸು ಕುಗ್ಗಿ ಎಷ್ಟೋ ತಿಂಗಳು ಆಡದೇ ಇದ್ದಿದ್ದು ತಾವೇ ಎಲ್ಲರ ಮುಂದ ಹೇಳ್ಕೊಂಡಾರ, ಅಂಥವ್ರು ಸಿಂಗಾಪುರದಾಗ ಮೊದಲನೇ ಆಟ ಗೆದ್ದು, 12ನೇದು ಗೆದ್ದು, ಕೊನೀತನಕ ಸಮಾಸಮ ನಿಂತಿದ್ರು ಅನ್ನೋದನ್ನ ನಮ್ಮವ ಗೆದ್ದ ಖುಷ್ಯಾಗ ನಾವು ಭಾಳ ಮಂದಿ ಮರತೀವಿ.

ಇದೇ ಜಾತಿ ಇನ್ನೊಂದು ಆಟ ಅದ, ಅದನ್ನ ಬಿಟ್ಟು ಈ ಮಾತು ಪೂರ್ತಿ ಆಗಂಗಿಲ್ಲ. 2021ರ ಡಿಸೆಂಬರ್ 3, ದುಬೈ, ಆಗಿನ ಚಾಂಪಿಯನ್ ನಾರ್ವೆಯ ಕಾರ್ಲ್‌ಸನ್ ಮತ್ತ ನೆಪೋಮ್ನಿಯಾಚ್ಚಿ, 6ನೇ ಆಟ. 136 ಮೂವ್, ಏಳೂಮುಕ್ಕಾಲು ತಾಸು, ವರ್ಲ್ಡ್ ಚಾಂಪಿಯನ್‌ಶಿಪ್ಪಿನ ಇತಿಹಾಸದಾಗೇ ಅಷ್ಟು ಉದ್ದದ ಆಟ ಇನ್ನೊಂದಿಲ್ಲ. ಕೊನೀಗ ರಾಜರನ್ನ ಬಿಟ್ರ ಕಾರ್ಲ್‌ಸನ್ ಕಡಿ ಆನಿ, ಕುದುರಿ, ಎರಡು ಪ್ಯಾದಿ, ನೆಪೋ ಕಡಿ ಬರೀ ವಜೀರ. ಬೋರ್ಡಿನ ಮ್ಯಾಲ ಏಳೇ ಕಾಯಿ ಉಳಿದ್ರ ಕಂಪ್ಯೂಟರಿನಾಗ ಅದರ ಪಕ್ಕಾ ಉತ್ತರ ಇರ್ತದ, ಆ ಉತ್ತರದ ಪ್ರಕಾರ 130ನೇ ಮೂವಿನ ತನಕ ಆಟ ಡ್ರಾ. 130ಕ್ಕ ನೆಪೋ ವಜೀರನ್ನ ಇ 6ಕ್ಕ ಇಟ್ಟ, ಅಲ್ಲಿಗ ಮುಗೀತು. ಆದ್ರ ನೋಡ್ರಿ, ಆ ಒಂದೇ ಆಟ ಅಲ್ಲ ಅವ ಸೋತಿದ್ದು, ಆಮ್ಯಾಲ 8, 9, 11, ಮೂರೂ ಸೋತ, ಅದೂ ಒಂದೊಂದು ಮೂವಿನ ಸಾದಾ ತಪ್ಪಿನಿಂದ. ಏಳೂಮುಕ್ಕಾಲು ತಾಸಿನ ದಣಿವು ಮುಂದಿನ ವಾರದ ತನಕ ಹರಿತು. ನನ್ನ ಲೆಕ್ಕದಾಗ ಬಲಿಷ್ಠ ಆಟಗಾರರ ನಡುವಿನ ಕ್ಲಾಸಿಕಲ್ ಚೆಸ್ ಅಂದ್ರ ಇದೇ. ಓಪನಿಂಗ್ ಇಬ್ಬರಿಗೂ ಬಾಯಿಪಾಠ, ನಡುವಿನ ಆಟದಾಗೂ ಇಬ್ಬರೂ ಸಮಾಸಮ, ಖರೇ ಪರೀಕ್ಷಿ ಐದನೇ ತಾಸಿನಾಗ ಶುರು ಆಗ್ತದ.

ಈಗ ಗಡಿಯಾರದ ವಿಷಯಕ್ಕ ಬರ್ತೀನಿ. ಹಿಂದಿನ ಕಾಲದಾಗ ಆಟ ಮುಗೀಲಿಲ್ಲ ಅಂದ್ರ ನಿಲ್ಲಿಸಿ ಮರುದಿನ ಮುಂದುವರಸ್ತಿದ್ರು, 1972ರ ವರ್ಲ್ಡ್ ಚಾಂಪಿಯನ್‌ಶಿಪ್ಪಿನಾಗ ಫಿಷರ್-ಸ್ಪಾಸ್ಕಿ ಆಡಿದಾಗ 40 ಮೂವಿಗ ಎರಡೂವರಿ ತಾಸು ಇತ್ತು, ಮುಗೀದಿದ್ರ ಒಬ್ಬ ತನ್ನ ಮುಂದಿನ ಮೂವ್ ಚೀಟ್ಯಾಗ ಬರದು ಲಕೋಟಿಗ ಹಾಕಿ ಆರ್ಬಿಟರ್ (ಅಂಪೈರ್) ಕೈಯಾಗ ಕೊಡ್ತಿದ್ದ, ರಾತ್ರಿ ಎಲ್ಲಾ ಇಬ್ಬರ ತಂಡದವ್ರೂ ಕುಂತು ತಲಿ ಕೆರಕೊಳ್ಳೋರು. ಕಂಪ್ಯೂಟರ್ ಬಂದ ಮ್ಯಾಲ ಆ ರಾತ್ರಿಗ ಅರ್ಥ ಉಳೀಲಿಲ್ಲ, 90ರ ದಶಕದಾಗ ಲಕೋಟಿ ಪದ್ಧತಿ ಹೋಯ್ತು. ಅದೇ ಹೊತ್ತಿಗ ಫಿಷರ್ ತಂದ ಹೊಸ ಗಡಿಯಾರ ಬಂತು, ಮೂವ್ ಮಾಡಿದ ಸಲ ಸಲಕ್ಕ ಇಷ್ಟು ಸೆಕೆಂಡ್ ಜೋಡಿಸೋದು, 1992ರಾಗ ಅವನೂ ಸ್ಪಾಸ್ಕಿನೂ ಮತ್ತ ಆಡಿದಾಗ ಅದೇ ಗಡಿಯಾರ ಇಟ್ಟಿದ್ರು. ಈಗ ನಾವು ಸುಮ್ಮನ ಇನ್‌ಕ್ರಿಮೆಂಟ್ ಅಂತೀವಲ್ಲ, ಅದೇ. ಸಣ್ಣದು ಅನಸ್ತದ, ಆದ್ರ ಗೆದ್ದ ಆಟಾನ ಬರೀ ಗಡಿಯಾರದ ಸಲುವಾಗಿ ಕಳಕೊಳ್ಳೋ ಅನ್ಯಾಯ ಭಾಳ ಮಟ್ಟಿಗ ಕಡಿಮಿ ಮಾಡಿದ್ದು ಇದೇ.

ಇನ್ನ ಫಾಸ್ಟ್ ಕ್ಲಾಸಿಕ್ ಲೆಕ್ಕ. ಫಿಡೆ ಯಾವಾಗ್ಲೂ 60 ಮೂವಿನ ಆಟ ಅಂತ ಹಿಡಕೊಂಡು ಅಳೀತದ. 45 ನಿಮಿಷ, ಅದಕ್ಕ 60 ಮೂವಿಗ ಅರ್ಧರ್ಧ ನಿಮಿಷ ಅಂದ್ರ 30, ಒಟ್ಟು ಒಬ್ಬಗ 75 ನಿಮಿಷ. ಈಗಿರೋ ರೂಲ್ ಏನಂತದ ಅಂದ್ರ ಸ್ಟ್ಯಾಂಡರ್ಡ್ ರೇಟಿಂಗ್ ಸಿಗ್ಬೇಕಂದ್ರ ಇಬ್ಬರೂ 1800ಕ್ಕಿಂತ ಕೆಳಗಿದ್ರ 60 ನಿಮಿಷ ಸಾಕು, ಒಬ್ಬನಾದ್ರೂ 1800 ಅಥವಾ ಮ್ಯಾಲ ಇದ್ರ 90 ಬೇಕು, 2400 ಅಥವಾ ಮ್ಯಾಲ ಇದ್ರ 120 ಬೇಕು. ಇದನ್ನ ಎರಡು ಸಲ ಓದ್ರಿ. 1800ರ ಕೆಳಗಿನವ್ರಿಗ, ಅಂದ್ರ ನಮ್ಮ ಕಲಬುರಗಿ, ಬೀದರ್, ಯಾದಗಿರಿ ಹುಡುಗ್ರು ಬಹುತೇಕ ಇರೋ ಜಾಗಕ್ಕ, 75 ಅಲ್ಲ, 60 ನಿಮಿಷದ ಆಟಕ್ಕೂ ಮೊದಲಿಂದನೇ ಪರ್ಮಿಷನ್ ಅದ! ಹೊಸ ಪ್ರಯೋಗ ಸಡಿಲ ಮಾಡಿದ್ದು ದೊಡ್ಡವ್ರ ಗಂಟು, ನಮ್ಮದಲ್ಲ. ಇದನ್ನ ತಿಳಕೊಳ್ಳೋದು ನನಗೇ ತಡ ಆಯ್ತು.

ದೊಡ್ಡವ್ರಿಗ ಇದ್ರಿಂದ ಏನಾಗ್ತದ? ಸಿಂಗಾಪುರದ ಆಟಾನೇ ತಗೊಳ್ರಿ. ಅಲ್ಲಿ 55ನೇ ಮೂವಿನ ತನಕ ಒಬ್ಬಗ ಸಿಗೋ ಟೈಮ್ 120, ಮ್ಯಾಲ 30, ಮ್ಯಾಲ ಜೋಡಣಿ ಏಳೂವರಿ ನಿಮಿಷ, ಹತ್ರಹತ್ರ 157 ನಿಮಿಷ. ಫಾಸ್ಟ್ ಕ್ಲಾಸಿಕಿನಾಗ ಅದೇ 55ನೇ ಮೂವಿಗ 45 ಮತ್ತ 27, ಅಂದ್ರ 72 ನಿಮಿಷ ಚಿಲ್ಲರ. ಅರ್ಧಕ್ಕಿಂತ ಕಡಿಮಿ. ತಪ್ಪು ಕಡಿಮಿ ಆಗ್ತಾವೇನು? ಇಲ್ಲ, ಹೆಚ್ಚಾಗ್ತಾವ, ಆದ್ರ ತಪ್ಪಿನ ಜಾತಿ ಬದಲಾಗ್ತದ. ನನಗ ಮುಖ್ಯ ಅನಸೋದು ಇದೇ ಫರಕ್.

ಒಂದು ಜಾತಿ ತಪ್ಪು ದಣಿವಿಂದ ಬರ್ತದ, ಡಿಂಗ್ ಮಾಡಿದ್ದು. ಇನ್ನೊಂದು ಜಾತಿ ಗಡಿಯಾರದಿಂದ ಬರ್ತದ. ಎರಡನೇದಕ್ಕ ಛಲೋ ಉದಾಹರಣಿ 2025ರ ಜೂನ್ 1, ನಾರ್ವೆಯ ಸ್ಟವಾಂಗರ್, ಮತ್ತ ಗುಕೇಶೇ, ಎದುರು ಕಾರ್ಲ್‌ಸನ್. ಅಲ್ಲಿ ಇಡೀ ಆಟಕ್ಕ 120 ನಿಮಿಷ, 41ನೇ ಮೂವಿಂದ ಬರೀ 10 ಸೆಕೆಂಡ್ ಜೋಡಣಿ. ಆಟದ ಬಹುಪಾಲು ಕಾರ್ಲ್‌ಸನ್ನೇ ಮ್ಯಾಲಿದ್ದ, ಗುಕೇಶ್ ಹೆಂಗೋ ತಡಕೊಂತ ಬಂದ, ಕೊನೀಗ ಇಬ್ಬರೂ ಸೆಕೆಂಡಿನ ಮ್ಯಾಲ ಬದುಕೋ ಹೊತ್ತಿನಾಗ 52ನೇ ಮೂವಿಗ ಕಾರ್ಲ್‌ಸನ್ ಕುದುರಿಯಿಂದ ಶಹ ಕೊಟ್ಟ, ಆ ಶಹಾನೇ ಅವನಿಗ ಮುಳುವಾಯ್ತು. ಸೋತ ಮ್ಯಾಲ ಟೇಬಲ್ಲಿಗ ಮುಷ್ಟಿಯಿಂದ ಗುದ್ದಿದ್ದು, ಕಾಯಿ ಎಲ್ಲಾ ಹಾರಿ ಬಿದ್ದಿದ್ದು, ಆ ವಿಡಿಯೋ ನಮ್ಮೂರಿನ ಚೆಸ್ ಗೊತ್ತಿಲ್ಲದವ್ರ ಮೊಬೈಲಿಗೂ ಬಂದಿತ್ತು. ಕ್ಲಾಸಿಕಲ್ ಆಟದಾಗ ಗುಕೇಶ್ ಕಾರ್ಲ್‌ಸನ್ನ ಸೋಲಿಸಿದ್ದು ಅದೇ ಮೊದಲ ಸಲ. (ಟೂರ್ನಮೆಂಟ್ ಮಾತ್ರ ಕೊನೀಗ ಕಾರ್ಲ್‌ಸನ್ನೇ ಗೆದ್ದ, 16 ಪಾಯಿಂಟಿಗ, ಗುಕೇಶ್ ಮೂರನೇದವ. ಇದನ್ನ ಆ ವಿಡಿಯೋ ಹಂಚಿದವ್ರು ಹೇಳಂಗಿಲ್ಲ.)

ಅದೇ ವರ್ಷ ಜುಲೈನಾಗ ಬಟುಮಿಯೊಳಗ ಮಹಿಳಾ ವರ್ಲ್ಡ್ ಕಪ್ ಫೈನಲ್, ಇಬ್ಬರೂ ನಮ್ಮವ್ರೇ, 38ರ ಕೋನೇರು ಹಂಪಿ ಮತ್ತ 19ರ ದಿವ್ಯಾ ದೇಶಮುಖ್. ಎರಡು ಕ್ಲಾಸಿಕಲ್ ಆಟ ಡ್ರಾ. ಆಮ್ಯಾಲ 15 ನಿಮಿಷ ಮತ್ತ 10 ಸೆಕೆಂಡಿನ ರ‍್ಯಾಪಿಡ್, ಮೊದಲನೇದು ಡ್ರಾ, ಎರಡನೇದ್ರಾಗ ಹಂಪಿ ಟೈಮ್ ಕಡಿಮಿ ಬಿದ್ದು ಜಾರಿದ್ರು, ದಿವ್ಯಾ ಕಪ್ಪೂ ಗೆದ್ದಳು, ಅದರ ಜೊತಿಗೇ ಗ್ರ್ಯಾಂಡ್‌ಮಾಸ್ಟರ್ ಟೈಟಲ್ಲೂ ಬಂತು. ಅವಳ ಗೆಲುವಿನ ಬಗ್ಗೆ ನನಗ ಒಂದು ಮಾತೂ ಇಲ್ಲ, ನರ ಗಟ್ಟಿ ಇದ್ದವ್ರಷ್ಟೇ ಅಲ್ಲಿ ಗೆಲ್ತಾರ. ನಾ ಹೇಳೋದು ಇಷ್ಟೇ, 10 ಸೆಕೆಂಡಿನಾಗ ಆಗೋ ತಪ್ಪು ಮತ್ತ ಐದನೇ ತಾಸಿನಾಗ ಆಗೋ ತಪ್ಪು ಒಂದೇ ತಕ್ಕಡ್ಯಾಗ ತೂಗೋ ಅಂಥವಲ್ಲ. ಗಡಿಯಾರದ ತಪ್ಪು ಒಮ್ಮೊಮ್ಮಿ ಎದುರಾಳಿ ಏನೂ ಮಾಡದಿದ್ರೂ ಆಗ್ತದ. ದಣಿವಿನ ತಪ್ಪನ್ನ ಎದುರಾಳಿ ಕುಂತು, ಕಾದು, ಒಂದೊಂದೇ ಪ್ರಶ್ನಿ ಕೇಳಿ ಹುಟ್ಟಿಸ್ಬೇಕು. ಗುಕೇಶ್ ಡ್ರಾ ಮಾಡ್ಕೊಂಡು ಎದ್ದು ಹೋಗಿದ್ರ ಯಾರೂ ಬೈತಿದ್ದಿಲ್ಲ, ಅವ ಕುಂತ. ದೊಡ್ಡವ್ರ ಆಟ 75 ನಿಮಿಷಕ್ಕ ಇಳಿದ್ರ ಹಿಂಗ ಕುಂತವ್ರಿಗ ಸಿಗೋ ಫಲ ಕಡಿಮಿ ಆಗ್ತದ, ಅದಕ್ಕ ವರ್ಲ್ಡ್ ಚಾಂಪಿಯನ್‌ಶಿಪ್ ಮಟ್ಟದಾಗ ನಾ ಇದಕ್ಕ ಒಪ್ಪಂಗಿಲ್ಲ. ನೋಡೋರು ಬೇಕು, ಸ್ಪಾನ್ಸರ್ ಬೇಕು ಅನ್ನೋ ವಾದ ನನಗ ತಿಳೀತದ, ಆದ್ರ ಆ ಡಿಸೆಂಬರ್ ಸಂಜಿ ಚಾದಂಗಡಿ ಮುಂದ ನಿಂತ ಮೂರು ಮಂದಿನ ಯಾರೂ ಕಟ್ಟಿ ಹಾಕಿದ್ದಿಲ್ಲ.

ಸರಿ, ದೊಡ್ಡವ್ರದು ಹಂಗಿರ್ಲಿ. ನಮ್ಮ ಕಡಿ ಏನು?

ಇಲ್ಲಿ ಬಹುತೇಕ ಟೂರ್ನಮೆಂಟ್ ಅಂದ್ರ ರವಿವಾರದ ರ‍್ಯಾಪಿಡ್. ಯಾವುದೋ ಕಲ್ಯಾಣ ಮಂಟಪದಾಗ ಉದ್ದನ ಟೇಬಲ್, ಮ್ಯಾಲ ಬಿಳಿ ಬಟ್ಟಿ, ಮುಂಜಾನಿ ಒಂಬತ್ತಕ್ಕ ಅಂತ ಹೇಳಿ ಹತ್ತೂವರಿಗ ಶುರು, ಒಬ್ಬಗ 15 ನಿಮಿಷ ಮತ್ತ 5 ಸೆಕೆಂಡ್, ಸಂಜಿ ಒಳಗ ಏಳು ರೌಂಡ್ ಮುಗಿಬೇಕು. ಏಪ್ರಿಲ್ ಮೇ ತಿಂಗಳಾದ್ರ ಫ್ಯಾನ್ ಕೆಳಗ ಜಾಗ ಸಿಕ್ಕವನೇ ಅರ್ಧ ಗೆದ್ದಂಗ. ಹೊರಗ ಪಾಲಕರು ಸುಸಲಾ ಮಿರ್ಚಿ ತಿಂತಾ, ಒಳಗಿಂದ ಹುಡುಗ ಬಂದ ಕೂಡ್ಲೇ ಮುಖ ನೋಡಿ ರಿಸಲ್ಟ್ ತಿಳಕೊಳ್ತಾರ. ಇದ್ರಾಗ ಖುಷಿ ಅದ, ಇಲ್ಲ ಅನ್ನಂಗಿಲ್ಲ. ಆದ್ರ ರ‍್ಯಾಪಿಡ್ ರೇಟಿಂಗ್ ಬ್ಯಾರೆ, ಸ್ಟ್ಯಾಂಡರ್ಡ್ ಬ್ಯಾರೆ, ಎಷ್ಟು ರವಿವಾರ ಗೆದ್ರೂ ಅದ್ರಿಂದ ಟೈಟಲ್ ಹಾದಿ ತೆರಿಯಂಗಿಲ್ಲ. ಗ್ರ್ಯಾಂಡ್‌ಮಾಸ್ಟರ್ ಆಗ್ಬೇಕಂದ್ರ ಸಾಮಾನ್ಯವಾಗಿ ನಾರ್ಮ್ (ಟೂರ್ನಮೆಂಟಿನಾಗ ಆ ಟೈಟಲ್ ಮಟ್ಟದ ಆಟ ಆಡಿ ತೋರಸೋದು) ಬೇಕು, 2500 ರೇಟಿಂಗ್ ಮುಟ್ಟಬೇಕು, ಎರಡೂ ಕ್ಲಾಸಿಕಲ್ಲಿನಾಗೇ. ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್ ಮೈಸೂರಿನ ತೇಜ್‌ಕುಮಾರ್ ಆ ಟೈಟಲ್ ಮುಟ್ಟಿದ್ದು 2017ರಾಗ. ವಿಶ್ವನಾಥನ್ ಆನಂದ್ ದೇಶದ ಮೊದಲನೇ ಗ್ರ್ಯಾಂಡ್‌ಮಾಸ್ಟರ್ ಆಗಿದ್ದು 1988ರಾಗ, ಅಲ್ಲಿಂದ ನಮ್ಮ ರಾಜ್ಯಕ್ಕ ಬರ್ಲಿಕ್ಕ 29 ವರ್ಷ ಹಿಡೀತು. ಕಲಬುರಗಿ ತನಕ ಬರ್ಲಿಕ್ಕ ಇನ್ನೆಷ್ಟು ಅಂತ ನೀವೇ ಲೆಕ್ಕ ಹಾಕ್ರಿ.

ಈಗ ಇಲ್ಲಿಯ ಹುಡುಗ ಒಬ್ಬ ಕ್ಲಾಸಿಕಲ್ ಆಡ್ಬೇಕಂದ್ರ ಬೆಂಗಳೂರಿಗ ಹೋಗ್ಬೇಕು, ಇಲ್ಲಾ ಹೈದರಾಬಾದ್, ಇಲ್ಲಾ ಸೊಲ್ಲಾಪುರದ ಕಡಿ ಏನರೆ ಇದ್ರ ಅದು. ಬೆಂಗಳೂರಂದ್ರ ರಾತ್ರಿ ರೈಲು, ವಂದೇ ಭಾರತ್ ಬಂದದ ಖರೇ, 2024ರ ಮಾರ್ಚಿನಿಂದ, ಆದ್ರ ಅದರ ಟಿಕೆಟ್ ಇಬ್ಬರಿಗ ಹೋಗಿ ಬರ್ಲಿಕ್ಕ ತಗದ್ರ ಎಂಟ್ರಿ ಫೀಯೇ ಸಣ್ಣದು ಅನಸ್ತದ. ಹುಡುಗ ಒಬ್ಬನೇ ಹೋಗಂಗಿಲ್ಲ, ಅಪ್ಪ ಇಲ್ಲಾ ಅವ್ವ ಜೊತಿ ಹೋಗ್ಬೇಕು, ನಾಕೈದು ದಿನ ರೂಮ್, ಊಟ, ಅಪ್ಪನ ರಜಾ, ಸಾಲಿ ತಪ್ಪೋದು. ಖರ್ಚಾಗೋದು ತಾಸಿಗಲ್ಲ, ದಿನಕ್ಕ. ಫಾಸ್ಟ್ ಕ್ಲಾಸಿಕ್ ನಮಗ ಅನುಕೂಲ ಅನ್ನೋ ಮಾತು ಇಲ್ಲೇ ಮುಗ್ಗರಸ್ತದ ನೋಡ್ರಿ. ಆ ಪ್ರಯೋಗದ ಶರತ್ತಿನಾಗೇ ದಿನಕ್ಕ ಎರಡು ಆಟಕ್ಕಿಂತ ಹೆಚ್ಚು ಬ್ಯಾಡ ಅಂತ ಇತ್ತು. ಈಗಿರೋ 90 ನಿಮಿಷ ಮತ್ತ 30 ಸೆಕೆಂಡಿನ ಓಪನ್ ಟೂರ್ನಮೆಂಟಿನಾಗೂ ದಿನಕ್ಕ ಎರಡು ಆಟ ಆಡಸ್ತಾರ. ಅಂದ್ರ ಒಂಬತ್ತು ರೌಂಡಿಗ ಐದು ದಿನ, ಅದೂ ಐದೇ, ಇದೂ ಐದೇ! ಉಳಿಯೋದು ದಿನಾ ಮಧ್ಯಾಹ್ನ ಎರಡು ಮೂರು ತಾಸು, ಆ ಹೊತ್ತಿನಾಗ ಹುಡುಗ ರೂಮಿನಾಗ ಕುಂತು ಮೊಬೈಲ್ ನೋಡ್ತಾನ. ರೂಮಿನ ಬಾಡಿಗಿ ಕಡಿಮಿ ಆಗಂಗಿಲ್ಲ.

ನಮಗ ಖರೇ ಉಪಯೋಗ ಆಗೋದು ಆ ಹಳೀ ರೂಲೇ, 1800ರ ಕೆಳಗಿನವ್ರಿಗ 60 ನಿಮಿಷ ಅನ್ನೋದು. 30 ನಿಮಿಷ ಮತ್ತ 30 ಸೆಕೆಂಡ್ ಇಟ್ರೂ ಲೆಕ್ಕಕ್ಕ ಸರಿ ಆಗ್ತದ, ಒಂದು ಆಟ ಎರಡು ತಾಸಿನಾಗ ಮುಗೀತದ. ಶನಿವಾರ ಮಧ್ಯಾಹ್ನ ಸಾಲಿ ಬಿಟ್ಟ ಮ್ಯಾಲ ಎರಡು, ರವಿವಾರ ಎರಡು, ಹಂಗ ಎರಡು ವಾರ ಹಿಡಿದ್ರ ಇಲ್ಲೇ ಊರಾಗ, ಅದೇ ಕಲ್ಯಾಣ ಮಂಟಪದಾಗ, ಸ್ಟ್ಯಾಂಡರ್ಡ್ ರೇಟಿಂಗಿನ ಎಂಟು ಆಟ ಆಡಿಸ್ಬೋದು, ಒಂದು ರಜಾನೂ ಬ್ಯಾಡ, ಒಂದು ಟಿಕೆಟ್ಟೂ ಬ್ಯಾಡ. ಯಾಕ ಮಾಡಂಗಿಲ್ಲ ಅಂದ್ರ ಒಂದು ದಿನದ ರ‍್ಯಾಪಿಡಿಗ ಹಾಲ್ ಬಾಡಿಗಿ ಒಂದೇ ದಿನ, ಎಂಟ್ರಿ ಫೀ ಅಷ್ಟೇ ಬರ್ತದ, ಇದಕ್ಕ ನಾಕು ದಿನದ ಬಾಡಿಗಿ. ಆಯೋಜಕರನ್ನ ಬೈಯೋ ಮಾತಲ್ಲ ಇದು, ಅವರೂ ಕಿಸೆಯಿಂದ ಹಾಕೋರೇ. ಒಂದು ಸಾಲಿ ಹಾಲ್ ರಜಾ ದಿನ ಪುಕ್ಕಟೆ ಸಿಕ್ಕಿದ್ರ ಮುಗೀತು ಆ ತೊಂದ್ರಿ.

ಉದ್ದ ಟೈಮಿನ ಆಟದ ಬೆಲಿ ನನಗ ತಿಳದಿದ್ದು ಹೋದ ಸಲದ ರ‍್ಯಾಪಿಡಿನಾಗ. ಐದನೇ ರೌಂಡ್, ಎದುರು ಶಹಾಪುರದಿಂದ ಬಂದ ಹುಡುಗ, ಹನ್ನೆರಡು ಇರ್ಬೇಕು ವಯಸ್ಸು, ಕಾಲು ನೆಲಕ್ಕ ಹತ್ತದಕ್ಕ ಕುರ್ಚಿ ತುದಿಗ ಕುಂತಿದ್ದ. ಆಟ ಹೋಗ್ತಾ ಹೋಗ್ತಾ ಆನಿ ಎಂಡ್‌ಗೇಮಿಗ ಬಂತು, ನನಗ ಒಂದು ಆನಿ ಒಂದು ಪ್ಯಾದಿ, ಅವನಿಗ ಬರೀ ಆನಿ. ನನ್ನ ಪ್ಯಾದಿ ಏಳನೇ ಸಾಲಿಗ ಹೋಗಿತ್ತು, ರಾಜ ಅದರ ಮುಂದ. ಆಡಿದವ್ರಿಗ ಗೊತ್ತು, ಲುಸೆನಾ ಪೊಸಿಷನ್ ಅಂತಾರ ಇದಕ್ಕ, ಆನೀನ ನಾಕನೇ ಸಾಲಿಗ ತಂದು ಸೇತುವಿ ಕಟ್ಟಿ ರಾಜನ್ನ ಶಹದಿಂದ ಮರಿ ಮಾಡ್ಬೇಕು, ಗೆಲುವು ಪಕ್ಕಾ. ನಾ ಇದನ್ನ ಹುಡುಗ್ರಿಗ ಕಲಿಸಿದವ, ನಿದ್ದಿಗಣ್ಣಿನಾಗೂ ಹೇಳ್ತೀನಿ. ಗಡಿಯಾರದಾಗ 9 ಸೆಕೆಂಡ್ ಇತ್ತು. ಆನಿ ನಾಕನೇ ಸಾಲಿನ ಬದಲಿ ಐದಕ್ಕ ಇಟ್ಟೆ. ಅವ ಶಹ ಕೊಟ್ಟ, ಮತ್ತ ಶಹ, ಮತ್ತ ಶಹ, ನಾ ಓಡಿ ಓಡಿ ಪ್ಯಾದಿಯಿಂದ ದೂರ ಹೋದೆ, ಪ್ಯಾದಿ ಹೋಯ್ತು. ಡ್ರಾ.

ಹುಡುಗ ಕೈ ಕೊಟ್ಟ, ಕಾಯಿ ಜೋಡಿಸ್ಕೊಂತ ಸಣ್ಣ ದನ್ಯಾಗ ಕೇಳ್ದ, "ಸರ್, ನೀವು ಗೆಲ್ತಿದ್ರಿ ಹೌದಿಲ್ರಿ?"

"ಹೌದಪಾ."

"ಹೆಂಗ್ರಿ?"

ಅಲ್ಲೇ ಬೋರ್ಡಿನ ಮ್ಯಾಲ ಸೇತುವಿ ಕಟ್ಟಿ ತೋರಿಸ್ಬೇಕಂತ ಆನಿ ಎತ್ತಿದೆ, ಅಷ್ಟ್ರಾಗ ಆರ್ಬಿಟರ್ "ಮುಂದಿನ ರೌಂಡ್, ಬೋರ್ಡ್ ಖಾಲಿ ಮಾಡ್ರಿ" ಅಂತ ಕೂಗಿದ್ರು. ಸಂಜಿ ಬಹುಮಾನ ಕೊಡೋ ಹೊತ್ತಿಗ ಹುಡುಕಿದ್ರ ಅವ ಇದ್ದಿದ್ದಿಲ್ಲ, ಜೇವರ್ಗಿ ಮ್ಯಾಲಿಂದ ಹೋಗೋ ಬಸ್ಸು ತಪ್ತದ ಅಂತ ಅವರಪ್ಪ ಏಳನೇ ರೌಂಡ್ ಆಡಸದೇ ಕರಕೊಂಡು ಹೋಗಿದ್ರಂತ.